ಕಾವೇರಿ ದಂಡೆಯ ಹಳ್ಳಿ ಹೋಟೆಲಿನಲ್ಲಿ ಊಟ: ಬೆಂಗಳೂರಿನಿಂದ ಹೋಗಿಬರುವವರಿಗೆ ಹಂತಹಂತದ ಮಾರ್ಗದರ್ಶಿ

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಮನೆ ಬಿಟ್ಟು, ಕೆಂಗೇರಿ ದಾಟುವುದಕ್ಕೇ ಮುಕ್ಕಾಲು ಗಂಟೆ ಕಳೆದು, ಎರಡೂವರೆಗೆ ಹೊಳೆ ದಂಡೆಯ ಹೋಟೆಲು ತಲುಪಿ, ನಾಟಿಕೋಳಿ ಮುಗಿದಿದೆ ಎಂಬ ಮಾತು ಕೇಳಿ, ಉಳಿದಿದ್ದ ಎಗ್ ರೈಸ್ ತಿಂದು ಹಿಂದಿರುಗಿದ ಕುಟುಂಬಗಳನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಒಮ್ಮೆ ನಾವೇ ಆ ಕುಟುಂಬವಾಗಿದ್ದೆವು. ಮನೆಯ ಹಿರಿಯರು ಹಸಿದು ಕುಳಿತಿದ್ದರು, ಮಕ್ಕಳು ನೀರಿನ ಕಡೆಗೆ ಓಡುತ್ತಿದ್ದರು, ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಏನಾದರೂ ಸಿಗಬಹುದೇ ಎಂದು ವಿಚಾರಿಸುತ್ತಿದ್ದೆ. ಆ ಹೋಟೆಲಿನಾತ ಬೇಸರದಿಂದಲೇ ಹೇಳಿದ ಮಾತು ಇಂದಿಗೂ ನೆನಪಿದೆ: "ಫೋನ್ ಮಾಡ್ಕೊಂಡು ಬರೋದಲ್ವಾ ಸಾರ್? ಈಗ ಕೋಳಿ ಹಿಡ್ದು ಕುಯ್ದು ಬೇಯ್ಸೋ ಹೊತ್ಗೆ ನಾಕ್ ಗಂಟೆ ಆಯ್ತದೆ."

ತಪ್ಪು ಹೋಟೆಲಿನದಾಗಿರಲಿಲ್ಲ. ಊರಿನ ರೆಸ್ಟೋರೆಂಟಿನಲ್ಲಿ ನಾವು ಮೊದಲು ಹೋಗುತ್ತೇವೆ, ಆಮೇಲೆ ಕೂರುತ್ತೇವೆ, ಕೊನೆಗೆ ಏನು ತಿನ್ನಬೇಕೆಂದು ಯೋಚಿಸುತ್ತೇವೆ. ಹೊಳೆ ದಂಡೆಯಲ್ಲಿ ತೆಂಗಿನ ಗರಿಯ ಚಪ್ಪರ ಹಾಕಿ, ಸೌದೆ ಒಲೆಯ ಮೇಲೆ ಅಡುಗೆ ಮಾಡುವ ಮನೆಮಂದಿಯ ಹೋಟೆಲಿನಲ್ಲಿ ಈ ಕ್ರಮ ನಡೆಯುವುದಿಲ್ಲ. ಅಲ್ಲಿ ಮೊದಲು ಹೊಳೆಯ ಮಟ್ಟ, ನಂತರ ಫೋನು, ನಂತರ ಪ್ರಯಾಣ, ತಲುಪಿದ ಕೂಡಲೇ ಅಡುಗೆಮನೆ, ಅಡುಗೆ ಬೇಯುವಾಗ ಹೊಳೆಯ ನೋಟ, ಆಮೇಲೆ ಊಟ. ಈ ಸರಣಿಯಲ್ಲಿ ಯಾವುದೇ ಎರಡು ಹಂತಗಳು ಅದಲುಬದಲಾದರೂ ದಿನ ಕೆಡುತ್ತದೆ, ಕೆಲವೊಮ್ಮೆ ಪ್ರಾಣಕ್ಕೇ ಅಪಾಯವಾಗುತ್ತದೆ. ಆದ್ದರಿಂದ ಹಂತಗಳನ್ನು ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ.

ಹಂತ 1: ಹೊಳೆಯ ಯಾವ ಭಾಗಕ್ಕೆ ಹೋಗಬೇಕೆಂದು ಮೊದಲು ನಿರ್ಧರಿಸಿ

ಬೆಂಗಳೂರಿನಿಂದ ಒಂದೇ ದಿನದಲ್ಲಿ ಹೋಗಿಬರಬಹುದಾದ ಕಾವೇರಿ ದಂಡೆಯನ್ನು ಮೂರು ಭಾಗಗಳಾಗಿ ನೋಡುವುದು ಅನುಕೂಲ. ಒಂದನೆಯದು ಕೃಷ್ಣರಾಜಸಾಗರದಿಂದ ಶ್ರೀರಂಗಪಟ್ಟಣದವರೆಗಿನ ಭಾಗ, ಬಲಮುರಿಯೂ ಇದರಲ್ಲಿ ಸೇರುತ್ತದೆ. ಎರಡನೆಯದು ತಲಕಾಡು ಮತ್ತು ಶಿವನಸಮುದ್ರದ ಭಾಗ. ಮೂರನೆಯದು ಮುತ್ತತ್ತಿ ಮತ್ತು ಕನಕಪುರದ ಆಚೆಯ ಸಂಗಮದ ಭಾಗ.

ವಯಸ್ಸಾದವರು ಮತ್ತು ಚಿಕ್ಕ ಮಕ್ಕಳು ಜೊತೆಗಿದ್ದರೆ ಶ್ರೀರಂಗಪಟ್ಟಣದ ಕಡೆಯೇ ಸರಿಯೆಂಬುದು ನನ್ನ ಅಭಿಪ್ರಾಯ. ರಸ್ತೆ ಚೆನ್ನಾಗಿದೆ, ಪಟ್ಟಣ ಹತ್ತಿರವಿದೆ, ಒಂದು ಹೋಟೆಲು ಮುಚ್ಚಿದ್ದರೆ ಎರಡು ಕಿಲೋಮೀಟರಿನಲ್ಲಿ ಇನ್ನೊಂದು ಸಿಗುತ್ತದೆ, ಆಸ್ಪತ್ರೆಯ ಅಗತ್ಯ ಬಿದ್ದರೂ ಪರದಾಡಬೇಕಾಗಿಲ್ಲ. ಮುತ್ತತ್ತಿ ಮತ್ತು ಸಂಗಮದ ಕಡೆ ಬೆಟ್ಟ, ಕಾಡು, ಬಂಡೆಗಳ ನೋಟ ಹೆಚ್ಚು, ಜನವಸತಿ ಕಡಿಮೆ. ಅಲ್ಲಿ ಕಾವೇರಿ ವನ್ಯಧಾಮದ ನಡುವೆ ಹಾದುಹೋಗುವ ರಸ್ತೆಯಲ್ಲಿ ಆನೆಗಳು ದಾಟುತ್ತವೆ. ಹೀಗಾಗಿ ಹೊತ್ತು ಇಳಿಯುವ ಮೊದಲೇ ಹೊರಡಲು ಸಿದ್ಧರಿರುವವರು ಮಾತ್ರ ಆ ಕಡೆಯನ್ನು ಆರಿಸಬೇಕು.

ಇಲ್ಲಿ ಒಂದು ಎಚ್ಚರಿಕೆ. "ರಿವರ್ ವ್ಯೂ" ಎಂದು ಫಲಕ ಹಾಕಿಕೊಂಡ ಎಲ್ಲ ಹೋಟೆಲುಗಳೂ ಕಾವೇರಿಯ ದಂಡೆಯಲ್ಲಿ ಇರುವುದಿಲ್ಲ. ಕೆಲವು ನಾಲೆಯ ಪಕ್ಕದಲ್ಲಿವೆ, ಕೆಲವು ಉಪನದಿಯ ಪಕ್ಕದಲ್ಲಿವೆ. ಬೆಂಗಳೂರಿನ ಕೊಳಚೆ ನೀರನ್ನು ಹೊತ್ತ ವೃಷಭಾವತಿಯು ಬಿಡದಿ ಸಮೀಪದ ಬೈರಮಂಗಲ ಕೆರೆಯನ್ನು ಹಾದು ಅರ್ಕಾವತಿಯನ್ನು ಸೇರುತ್ತದೆ, ಆ ಅರ್ಕಾವತಿಯೇ ಮುಂದೆ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ನೊರೆ ತೇಲುವ, ಮೂಗಿಗೆ ವಾಸನೆ ಬಡಿಯುವ ನೀರಿನ ಪಕ್ಕದಲ್ಲಿ ಎಷ್ಟು ಒಳ್ಳೆಯ ಸಾರು ಬಡಿಸಿದರೂ ಒಳಗಿಳಿಯುವುದಿಲ್ಲ. ಹೋಟೆಲು ಯಾವ ನೀರಿನ ದಂಡೆಯಲ್ಲಿದೆ ಎಂಬುದನ್ನು ನಕ್ಷೆಯಲ್ಲಿ ನೀವೇ ನೋಡಿಕೊಳ್ಳಿ.

ಹಂತ 2: ಜಲಾಶಯದ ಹೊರಹರಿವನ್ನು ನೋಡಿ

ಈ ಹಂತವನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ. ಹವಾಮಾನ ನೋಡಿ, ಬೆಂಗಳೂರಿನಲ್ಲಿ ಮಳೆಯಿಲ್ಲ, ಮಂಡ್ಯದಲ್ಲೂ ಮಳೆಯಿಲ್ಲ ಎಂದು ಧೈರ್ಯ ತಂದುಕೊಳ್ಳುತ್ತಾರೆ. ಕಾವೇರಿಯ ನೀರು ಏರುವುದಕ್ಕೆ ಮಂಡ್ಯದಲ್ಲಿ ಮಳೆ ಬರಬೇಕಾಗಿಲ್ಲ. ಕೊಡಗಿನಲ್ಲಿ ಬಿದ್ದ ಮಳೆ ಕೃಷ್ಣರಾಜಸಾಗರಕ್ಕೆ ಬರುತ್ತದೆ, ಅಣೆಕಟ್ಟೆಯ ಗರಿಷ್ಠ ಮಟ್ಟವಾದ 124.80 ಅಡಿಗೆ ನೀರು ಸಮೀಪಿಸಿದಾಗ ಗೇಟುಗಳನ್ನು ತೆರೆಯುತ್ತಾರೆ, ಬಿಸಿಲು ಹೊಡೆಯುತ್ತಿರುವ ಶ್ರೀರಂಗಪಟ್ಟಣದಲ್ಲಿ ಹೊಳೆ ಏರುತ್ತದೆ.

ಮಳೆಗಾಲದಲ್ಲಿ ಕನ್ನಡ ಪತ್ರಿಕೆಗಳೂ ಸುದ್ದಿವಾಹಿನಿಗಳೂ ಪ್ರತಿದಿನ ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವುಗಳನ್ನು ಕೊಡುತ್ತವೆ. ನಾವು ನೋಡಬೇಕಾದದ್ದು ಹೊರಹರಿವನ್ನು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. ಹಾಗಾದರೆ 10,000 ಕ್ಯೂಸೆಕ್ ಎಂದರೆ ಪ್ರತಿ ಸೆಕೆಂಡಿಗೆ 2 ಲಕ್ಷ 80 ಸಾವಿರ ಲೀಟರಿಗೂ ಹೆಚ್ಚು. 2024ರ ಜುಲೈ ಕೊನೆಯಲ್ಲಿ ಕೃಷ್ಣರಾಜಸಾಗರದಿಂದ ಒಂದು ಲಕ್ಷ ಕ್ಯೂಸೆಕ್‌ಗೂ ಮೀರಿ ನೀರು ಬಿಟ್ಟಿದ್ದರು. ಅಂಥ ದಿನಗಳಲ್ಲಿ ದಂಡೆಯ ಹೋಟೆಲಿನ ಯೋಚನೆಯನ್ನೇ ಕೈಬಿಡಬೇಕು. ರಂಗನತಿಟ್ಟಿನಲ್ಲಿ ದೋಣಿ ವಿಹಾರ ನಿಲ್ಲಿಸಿದ್ದಾರೆ ಎಂಬ ಸುದ್ದಿ ಬಂದರೆ ಅದನ್ನೇ ನಿಮ್ಮ ಊಟದ ವಿಷಯದಲ್ಲೂ ಸೂಚನೆಯೆಂದು ತಿಳಿಯಿರಿ.

ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸಿರುವುದಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗುವವರು ಕೃಷ್ಣರಾಜಸಾಗರದ ಹೊರಹರಿವನ್ನು ನೋಡಿದರೆ ಸಾಕು. ತಲಕಾಡು, ಶಿವನಸಮುದ್ರ, ಮುತ್ತತ್ತಿ, ಸಂಗಮಗಳಿಗೆ ಹೋಗುವವರಿಗೆ ಅಷ್ಟು ಸಾಲದು, ಏಕೆಂದರೆ ತಿರುಮಕೂಡಲು ನರಸೀಪುರದಲ್ಲಿ ಕಬಿನಿ ಎಂದೂ ಕರೆಯುವ ಕಪಿಲೆ ಕಾವೇರಿಯನ್ನು ಸೇರುತ್ತಾಳೆ. ಅವರು ಕಬಿನಿ ಜಲಾಶಯದ ಹೊರಹರಿವನ್ನೂ ನೋಡಲೇಬೇಕು. ಕೃಷ್ಣರಾಜಸಾಗರ ಇನ್ನೂ ತುಂಬದಿರುವಾಗಲೇ ಕಬಿನಿ ತುಂಬಿ ನೀರು ಬಿಡುವ ವರ್ಷಗಳಿವೆ.

ಮಾರ್ಚಿಯಿಂದ ಮೇ ತಿಂಗಳವರೆಗೆ ಇದಕ್ಕೆ ತದ್ವಿರುದ್ಧವಾದ ಸಮಸ್ಯೆ. ಹೊಳೆ ಬತ್ತಿ ಬಂಡೆಗಳ ನಡುವೆ ಮಡುಗಳಾಗಿ ನಿಂತಿರುತ್ತದೆ. ಹೋಟೆಲಿನವರಿಗೆ "ಹೊಳೇಲಿ ನೀರು ಹರೀತಾ ಇದೆಯಾ, ನಿಂತಿದೆಯಾ?" ಎಂದು ನೇರವಾಗಿ ಕೇಳಿ. ನವೆಂಬರ್ ನಡುವಿನಿಂದ ಜನವರಿ ಕೊನೆಯವರೆಗಿನ ದಿನಗಳನ್ನು ನಾನು ಎಲ್ಲಕ್ಕಿಂತ ಇಷ್ಟಪಡುತ್ತೇನೆ. ನೀರು ತಿಳಿಯಾಗಿರುತ್ತದೆ, ಮಧ್ಯಾಹ್ನದ ಬಿಸಿಲು ಹಿತವಾಗಿರುತ್ತದೆ, ಅವರೆಕಾಯಿಯ ಕಾಲವಾದ್ದರಿಂದ ಹಿತಕಬೇಳೆ ಸಾರೂ ಸಿಗುತ್ತದೆ.

ಹಂತ 3: ಫೋನ್ ಮಾಡಿ, ಊಟವನ್ನು ಮೊದಲೇ ಹೇಳಿಡಿ

ಶನಿವಾರ ಮಧ್ಯಾಹ್ನ ಮೂರರಿಂದ ಐದರ ನಡುವೆ ಕರೆ ಮಾಡುವುದು ಒಳ್ಳೆಯದು. ಒಂದರಿಂದ ಮೂರರವರೆಗೆ ಅವರು ಬಡಿಸುತ್ತಿರುತ್ತಾರೆ, ಆಗ ಕರೆ ಸ್ವೀಕರಿಸಿದರೂ ನೀವು ಹೇಳಿದ್ದು ಅವರ ತಲೆಯಲ್ಲಿ ಉಳಿಯುವುದಿಲ್ಲ.

ಕೋಳಿಯ ವಿಷಯವನ್ನು ಮೊದಲು ತೀರ್ಮಾನಿಸಿ. ಬ್ರಾಯ್ಲರ್ ಕೋಳಿ ಆರೇಳು ವಾರಗಳ ಎಳೆಯ ಕೋಳಿ, ಬೇಗ ಬೇಯುತ್ತದೆ. ನಾಟಿಕೋಳಿ ತಿಂಗಳುಗಟ್ಟಲೆ ಓಡಾಡಿ ಬೆಳೆದದ್ದು, ಅದರ ಮಾಂಸ ಬಿಗಿಯಾಗಿರುತ್ತದೆ, ಸೌದೆ ಒಲೆಯ ಮೇಲೆ ಹದವಾಗಿ ಬೇಯಲು ಒಂದು ಗಂಟೆಗೂ ಮೇಲೆ ಬೇಕು. ನೀವು ಬಂದ ಮೇಲೆ ಹೇಳಿದರೆ ಎರಡರಲ್ಲಿ ಒಂದು ಆಗುತ್ತದೆ: ಅರೆಬೆಂದ ಕೋಳಿ ತಿನ್ನುತ್ತೀರಿ, ಇಲ್ಲವೇ ನಾಟಿಯೆಂಬ ಹೆಸರಿನಲ್ಲಿ ಬೇರೇನನ್ನೋ ತಿನ್ನುತ್ತೀರಿ.

ಬೆಲೆ ಕೇಳುವಾಗ "ಕೆ.ಜಿ.ಗೆ ಎಷ್ಟು?" ಎಂದಷ್ಟೇ ಕೇಳಿ ಬಿಡಬೇಡಿ. ಜೀವಂತ ಕೋಳಿಯ ತೂಕವೋ, ಶುಚಿ ಮಾಡಿದ ಮೇಲಿನ ತೂಕವೋ ಎಂದು ಬಿಡಿಸಿ ಕೇಳಿ. ಒಂದೂವರೆ ಕಿಲೋ ತೂಗುವ ಕೋಳಿ ಪುಕ್ಕ, ಕರುಳು ತೆಗೆದ ಮೇಲೆ ಹೆಚ್ಚುಕಡಿಮೆ ಒಂದು ಕಿಲೋಗೆ ಇಳಿಯುತ್ತದೆ. ಬಿಲ್ಲಿನ ಮುಂದೆ ನಡೆಯುವ ಜಗಳಗಳಲ್ಲಿ ಬಹುಪಾಲು ಈ ಒಂದು ಪ್ರಶ್ನೆಯನ್ನು ಕೇಳದೇ ಇದ್ದುದರಿಂದ ಹುಟ್ಟಿದವು. ಅಡುಗೆಯ ಕೂಲಿ ಆ ಬೆಲೆಯಲ್ಲಿ ಸೇರಿದೆಯೇ, ಮುದ್ದೆ ಮತ್ತು ಅನ್ನಕ್ಕೆ ಬೇರೆಯೇ ಎಂಬುದನ್ನೂ ಅದೇ ಕರೆಯಲ್ಲಿ ಕೇಳಿಬಿಡಿ.

ನಂತರ ಮುದ್ದೆಯ ಲೆಕ್ಕ ಹೇಳಬೇಕು. ಇಷ್ಟು ಜನ ಬರುತ್ತೇವೆ ಎನ್ನುವ ಬದಲು ಇಷ್ಟು ಮುದ್ದೆ ಬೇಕು ಎನ್ನಿ. ಮಕ್ಕಳು ಅರ್ಧ ಮುದ್ದೆ ತಿನ್ನುವುದೂ ಹೆಚ್ಚು, ಅವರಿಗೆ ಅನ್ನ ಹೇಳಿಡಿ. ಖಾರ ಕಡಿಮೆ ಇರಬೇಕಾದರೆ ಈಗಲೇ ಹೇಳಬೇಕು, ಏಕೆಂದರೆ ಮಸಾಲೆ ಅರೆದು ಸಾರಿಗೆ ಬೆರೆಸಿದ ಮೇಲೆ ಖಾರವನ್ನು ತೆಗೆಯಲು ಯಾರಿಂದಲೂ ಆಗುವುದಿಲ್ಲ.

ನಿಮ್ಮ ಗುಂಪಿನಲ್ಲಿ ಸಸ್ಯಾಹಾರಿಗಳಿದ್ದರೆ ಅದನ್ನು ಒತ್ತಿ ಹೇಳಿ. ಬಸ್ಸಾರು, ಉಪ್ಸಾರು, ಸೊಪ್ಪಿನ ಪಲ್ಯ ಈ ಸೀಮೆಯ ದಿನನಿತ್ಯದ ಅಡುಗೆ. ಮನೆಯವರಿಗೆಂದು ಮಾಡಿಕೊಂಡದ್ದು ಹೇಗೂ ಇರುತ್ತದೆ, ಆದರೆ ಗಿರಾಕಿಗಳು ಕೇಳುವುದಿಲ್ಲವೆಂದು ಪಟ್ಟಿಯಲ್ಲಿ ಬರೆದಿರುವುದಿಲ್ಲ. "ಅಕ್ಕಾ, ಇಬ್ರು ಸಸ್ಯಾಹಾರಿಗಳಿದ್ದಾರೆ, ಬಸ್ಸಾರು ಬೇರೆ ಪಾತ್ರೇಲಿ, ಬೇರೆ ಸೌಟಲ್ಲಿ ಮಾಡಿಕೊಡ್ತೀರಾ?" ಎಂದು ಕೇಳಿದರೆ ನನಗೆ ಇಲ್ಲವೆಂದವರು ಕಡಿಮೆ. ಒಂದೇ ಒಲೆ, ಒಂದೇ ಅಡುಗೆಮನೆ ಎಂಬುದನ್ನು ಒಪ್ಪಲಾರದವರಿದ್ದರೆ ಅವರನ್ನು ಒತ್ತಾಯಿಸಿ ಕರೆದೊಯ್ಯಬೇಡಿ.

ಕೊನೆಯದಾಗಿ, ಶೌಚಾಲಯ ಇದೆಯೇ, ಅದರಲ್ಲಿ ನೀರು ಬರುತ್ತದೆಯೇ ಎಂದು ಕೇಳಿ. ಸಂಕೋಚಪಡಬೇಡಿ. ಜೊತೆಯಲ್ಲಿ ಬರುವ ಹೆಂಗಸರು ಮತ್ತು ವಯಸ್ಸಾದವರು ಈ ಪ್ರಶ್ನೆಯನ್ನು ಕೇಳಲಾರದೆ ಬೆಳಗಿನಿಂದ ನೀರು ಕುಡಿಯುವುದನ್ನೇ ಬಿಟ್ಟಿರುವುದನ್ನು ನಾನು ನೋಡಿದ್ದೇನೆ.

ಹಂತ 4: ಹಿಂದಿನ ರಾತ್ರಿಯೇ ಚೀಲ ಕಟ್ಟಿಡಿ

ಚೀಲದಲ್ಲಿ ಮೊದಲು ಇರಬೇಕಾದದ್ದು ಚಿಲ್ಲರೆಯೊಂದಿಗೆ ನಗದು. ಸಂಗಮ, ಮುತ್ತತ್ತಿಗಳ ಕಡೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಕ್ಯೂಆರ್ ಕೋಡ್ ಅಂಟಿಸಿದ್ದರೂ ಹಣ ಹೋಗುವುದಿಲ್ಲ. ಇದೇ ಕಾರಣಕ್ಕೆ ನಕ್ಷೆಯನ್ನೂ ಮನೆಯಲ್ಲಿಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಬೇಕು.

ಕುಡಿಯುವ ನೀರನ್ನು ಒಬ್ಬರಿಗೆ ಎರಡು ಲೀಟರಿನಂತೆ ಮನೆಯಿಂದಲೇ ಒಯ್ಯಿರಿ. ಹಿಡಿತವಿರುವ ಚಪ್ಪಲಿ, ಒಂದು ಚಾಪೆ, ಕೈ ಒರೆಸಲು ಹಳೆಯ ಟವೆಲುಗಳು, ಸೊಳ್ಳೆಗೆ ಹಚ್ಚುವ ಮುಲಾಮು, ಓಆರ್‌ಎಸ್ ಪೊಟ್ಟಣ, ಟಾರ್ಚು, ಕಸ ತುಂಬಿ ತರಲು ಒಂದು ದೊಡ್ಡ ಚೀಲ, ಇಷ್ಟಿದ್ದರೆ ಸಾಕು. ಸಾರು ಪಾರ್ಸೆಲ್ ತರುವ ಆಸೆಯಿದ್ದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಟ್ಟ ಬಿಸಿ ಸಾರು ಮದ್ದೂರು ತಲುಪುವ ಮೊದಲೇ ಡಿಕ್ಕಿಯಲ್ಲಿ ಹರಿದಿರುತ್ತದೆ.

ಹಂತ 5: ಎಂಟಕ್ಕೆ ಮುಂಚೆ ಹೊರಡಿ, ತಿರುವು ತಪ್ಪಿಸಿಕೊಳ್ಳಬೇಡಿ

ಹನ್ನೊಂದೂವರೆಗೆ ಹೋಟೆಲಿನಲ್ಲಿರಬೇಕು ಎಂದಿಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿದರೆ ಏಳೂವರೆಗೆ ಮನೆ ಬಿಡುವುದು ಸರಿಹೋಗುತ್ತದೆ. ದಾರಿಯಲ್ಲಿ ತಿಂಡಿಗೆ ಒಂದು ತಟ್ಟೆ ಇಡ್ಲಿ ಸಾಕು. ಬಿಡದಿಯಲ್ಲಿ ಇಡ್ಲಿ, ಮದ್ದೂರಿನಲ್ಲಿ ವಡೆ ಎಂದು ಎರಡೂ ಕಡೆ ನಿಲ್ಲಿಸಿದವರು ಮಧ್ಯಾಹ್ನ ಮುದ್ದೆಯನ್ನು ಮುಟ್ಟಿ ನೋಡಿ ಬಿಡುತ್ತಾರೆ.

2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳ ಹೊರಗಿನಿಂದ ಹಾದುಹೋಗುತ್ತದೆ. ಹಳೆಯ ರಸ್ತೆಯ ನೆನಪಿನಲ್ಲಿ ಹೋಗುವವರು ಊರು ಬಂದ ಮೇಲೆ ತಿರುಗೋಣ ಎಂದು ಕಾಯುತ್ತಾರೆ, ಆ ಊರು ಬರುವುದೇ ಇಲ್ಲ. ಸರ್ವಿಸ್ ರಸ್ತೆಗೆ ಇಳಿಯುವ ತಿರುವು ಎಲ್ಲಿದೆಯೆಂದು ಹೋಟೆಲಿನವರನ್ನೇ ಕೇಳಿಟ್ಟುಕೊಳ್ಳಿ. ಅದು ತಪ್ಪಿದರೆ ಹಿಮ್ಮುಖವಾಗಿ ಬರುವ ಸಾಹಸ ಖಂಡಿತ ಬೇಡ, ಮುಂದಿನ ತಿರುವಿನವರೆಗೆ ಹೋಗಿ ಸುತ್ತಿ ಬನ್ನಿ. 2023ರ ಆಗಸ್ಟ್ 1ರಿಂದ ಬೈಕು, ಸ್ಕೂಟರು, ಆಟೊಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ. ಬೈಕಿನಲ್ಲಿ ಹೋಗುವವರು ಸರ್ವಿಸ್ ರಸ್ತೆಯಲ್ಲೇ ಸಾಗಬೇಕಾದ್ದರಿಂದ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಹಂತ 6: ಇಳಿದ ಕೂಡಲೇ ಅಡುಗೆಮನೆಗೆ ಹೋಗಿ

ಗಾಡಿಯನ್ನು ಕಾಯಿ ತುಂಬಿದ ತೆಂಗಿನಮರದ ಕೆಳಗೆ ನಿಲ್ಲಿಸಬೇಡಿ. ಉಳಿದವರು ಕೈಕಾಲು ತೊಳೆಯುವ ಹೊತ್ತಿಗೆ ಒಬ್ಬರು ಅಡುಗೆಮನೆಗೆ ಹೋಗಿ, ಶನಿವಾರ ಹೇಳಿದ್ದನ್ನು ಇನ್ನೊಮ್ಮೆ ಹೇಳಿ, ಕೋಳಿ ಒಲೆಯ ಮೇಲಿದೆಯೇ ಎಂದು ಕಣ್ಣಾರೆ ನೋಡಿ ಬರಬೇಕು. ಹೇಳಿಟ್ಟಿದ್ದೇವಲ್ಲ ಎಂದು ಸುಮ್ಮನೆ ಕುಳಿತವರ ಕೋಳಿ ಬೇರೆಯವರ ಎಲೆಗೆ ಬೀಳುವುದುಂಟು. ಅದು ಮೋಸವಲ್ಲ, ಭಾನುವಾರದ ಗಡಿಬಿಡಿ.

ಅಲ್ಲಿ ನಿಂತ ಎರಡು ನಿಮಿಷದಲ್ಲಿ ಕೆಲವು ಸಂಗತಿಗಳನ್ನು ಗಮನಿಸಿ. ಪಾತ್ರೆಗಳನ್ನು ತೊಳೆಯುತ್ತಿರುವುದು ಬೋರ್‌ವೆಲ್ ನೀರಿನಲ್ಲೋ, ಹೊಳೆಯಿಂದ ಮೊಗೆದು ತಂದ ನೀರಿನಲ್ಲೋ? ಕರಿಯುವ ಎಣ್ಣೆ ಕಪ್ಪಾಗಿ, ನೊರೆ ಕಟ್ಟಿ, ಬಾಣಲೆ ಕಾಯುವ ಮೊದಲೇ ಹೊಗೆಯಾಡುತ್ತಿದೆಯೇ? ಹಸಿ ಮಾಂಸ ಮತ್ತು ಹೆಚ್ಚಿದ ಈರುಳ್ಳಿ, ಸೌತೆಕಾಯಿ ಒಂದೇ ಮಣೆಯ ಮೇಲಿವೆಯೇ? ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆಯನ್ನು ಎಲ್ಲಾದರೂ ತೂಗುಹಾಕಿದ್ದಾರೆಯೇ? ಮಣ್ಣಿನ ನೆಲ, ಹೊಗೆ ಹಿಡಿದ ಗೋಡೆ, ಮಸಿ ಮೆತ್ತಿದ ಪಾತ್ರೆಯ ತಳ ಇವುಗಳನ್ನು ಕಂಡು ಹಿಂಜರಿಯಬೇಕಾಗಿಲ್ಲ, ಸೌದೆ ಒಲೆಯ ಅಡುಗೆಮನೆ ಇರುವುದೇ ಹಾಗೆ. ನೀರು, ಎಣ್ಣೆ, ಮಣೆ ಈ ಮೂರರಲ್ಲಿ ಎರಡು ಸರಿಯಿಲ್ಲವೆಂದು ಕಂಡರೆ ಮಾತ್ರ, ಮುಂಗಡ ಕೊಟ್ಟಿದ್ದರೂ ಹೊರಡುವುದೇ ಮೇಲು.

ಕೂರುವ ಜಾಗವನ್ನು ಆರಿಸುವುದರಲ್ಲೂ ಜನ ಎಡವುತ್ತಾರೆ. ನೀರಿಗೆ ತೀರಾ ಸಮೀಪದ ಕಲ್ಲುಹಾಸಿಗೇ ಎಲ್ಲರ ಕಣ್ಣು ಹೋಗುತ್ತದೆ. ದಂಡೆಯಲ್ಲಿ ಹಿಂದಿನ ನೆರೆ ಬಿಟ್ಟುಹೋದ ಗುರುತನ್ನು ಹುಡುಕಿ: ಗಿಡದ ಕೊಂಬೆಗಳಲ್ಲಿ ಸಿಕ್ಕಿದ ಕಸಕಡ್ಡಿ, ಕಾಂಡಗಳ ಮೇಲೆ ಒಣಗಿದ ಕೆಸರಿನ ಗೆರೆ. ಹೊಳೆ ಎಲ್ಲಿಯವರೆಗೆ ಬರಬಲ್ಲದು ಎಂಬುದನ್ನು ಆ ಗೆರೆ ಹೇಳುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಅದಕ್ಕಿಂತ ಮೇಲೆಯೇ ಕುಳಿತುಕೊಳ್ಳಿ.

ಹಂತ 7: ಮೀನನ್ನು ನೋಡಿ ಆರಿಸಿ

ಹೊಳೆಯ ಪಕ್ಕದ ಹೋಟೆಲು ಎಂದಮಾತ್ರಕ್ಕೆ ಮೀನು ಹೊಳೆಯದ್ದೇ ಆಗಿರಬೇಕಾಗಿಲ್ಲ. ಕಾಟ್ಲಾ, ರೋಹು ಮೀನುಗಳು ಬಹುಪಾಲು ಕೆರೆಗಳಲ್ಲಿ ಮರಿ ಬಿಟ್ಟು ಸಾಕಿದವು. ಇದನ್ನು ಹೋಟೆಲಿನವರು ಮುಚ್ಚಿಡುವುದೂ ಇಲ್ಲ, ಕೇಳಿದರೆ ಹೇಳುತ್ತಾರೆ. ಎಲ್ಲಿಯದು ಎಂಬುದಕ್ಕಿಂತ ಯಾವಾಗ ಹಿಡಿದದ್ದು ಎಂಬುದೇ ಮುಖ್ಯ.

ಮಸಾಲೆ ಮೆತ್ತುವ ಮೊದಲು ಇಡೀ ಮೀನನ್ನು ತೋರಿಸಲು ಹೇಳಿ. ಕಣ್ಣು ತುಂಬಿ ಹೊಳೆಯುತ್ತಿರಬೇಕು, ಕಿವಿರಿನ ಮುಚ್ಚಳ ಎತ್ತಿದರೆ ಒಳಗೆ ಕೆಂಪಾಗಿರಬೇಕು, ಬೆರಳಿನಿಂದ ಒತ್ತಿದ ಜಾಗ ಕೂಡಲೇ ಮೇಲೆದ್ದು ಬರಬೇಕು. ಕಣ್ಣು ಒಳಗೆ ಕುಸಿದಿದ್ದರೆ, ಕಿವಿರು ಕಂದಾಗಿದ್ದರೆ, ಒತ್ತಿದ ಗುಳಿ ಹಾಗೆಯೇ ಉಳಿದರೆ ಆ ದಿನ ಮೀನು ಬೇಡ. ಬೆಳಿಗ್ಗೆಯೇ ಕೆಂಪು ಮಸಾಲೆ ಹಚ್ಚಿ ಸಾಲಾಗಿ ಜೋಡಿಸಿಟ್ಟ ತುಂಡುಗಳಲ್ಲಿ ಈ ಯಾವ ಪರೀಕ್ಷೆಯೂ ಸಾಧ್ಯವಿಲ್ಲ, ಅದಕ್ಕಾಗಿಯೇ ನಾನು ಅವುಗಳನ್ನು ತೆಗೆದುಕೊಳ್ಳುವುದಿಲ್ಲ.

ಮಕ್ಕಳಿದ್ದರೆ ಜಿಲೇಬಿ ಮೀನು ಹೇಳಿ. ಅದರಲ್ಲಿ ಮಾಂಸದೊಳಗೆ ಅಡಗಿದ ಸಣ್ಣ ಮುಳ್ಳುಗಳಿಲ್ಲ, ನಡುಮುಳ್ಳು ತೆಗೆದರೆ ಮುಗಿಯಿತು. ರೋಹು, ಕಾಟ್ಲಾಗಳಲ್ಲಿ ಕವಲೊಡೆದ ಸಣ್ಣ ಮುಳ್ಳುಗಳು ಮಾಂಸದ ನಡುವೆ ಇರುತ್ತವೆ, ರೂಢಿಯಿಲ್ಲದವರ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಮಹಶೀರ್ ಬೇಕೆಂದು ಕೇಳುವವರಿದ್ದಾರೆ. ದಯವಿಟ್ಟು ಕೇಳಬೇಡಿ. ಕಾವೇರಿಯ ದೊಡ್ಡ ಮಹಶೀರ್ ಅಳಿವಿನ ಅಂಚಿಗೆ ಬಂದಿರುವ ಜೀವಿ, ವನ್ಯಧಾಮದೊಳಗೆ ಅದನ್ನು ಹಿಡಿಯುವುದು ಅಪರಾಧ.

ಹಂತ 8: ಅಡುಗೆ ಬೇಯುವಾಗ ಹೊಳೆಯನ್ನು ನೋಡಿ, ಇಳಿಯಬೇಡಿ

ಈ ಒಂದು ಹಂತವನ್ನು ಮಾತ್ರ ಓದುವವರಿದ್ದರೂ ನನಗೆ ಸಮಾಧಾನ. ಸಂಗಮ, ಮುತ್ತತ್ತಿ, ಬಲಮುರಿಗಳಲ್ಲಿ ಪ್ರವಾಸಕ್ಕೆ ಬಂದವರು ನೀರುಪಾಲಾದ ಸುದ್ದಿ ಬಾರದ ವರ್ಷವಿಲ್ಲ. ಮೇಲೆ ಶಾಂತವಾಗಿ ಕಾಣುವ ಕಾವೇರಿಯ ತಳದಲ್ಲಿ ಬಂಡೆಗಳ ನಡುವೆ ಹೊಂಡಗಳಿವೆ. ಮೊಣಕಾಲುದ್ದ ನೀರಿನಿಂದ ಒಂದು ಹೆಜ್ಜೆ ಮುಂದಿಟ್ಟರೆ ಕಾಲಿಗೆ ನೆಲ ಸಿಗುವುದಿಲ್ಲ, ಅಲ್ಲಿಯೇ ಸುಳಿಯೂ ಇರುತ್ತದೆ. ಬಲಮುರಿಯಂಥ ಒಡ್ಡುಗಳ ಮೇಲೆ ನೀರು ತೆಳ್ಳಗೆ ಹರಿಯುತ್ತಿದ್ದರೂ ಕೆಳಗಿನ ಕಲ್ಲು ಪಾಚಿಗಟ್ಟಿರುತ್ತದೆ. ರಂಗನತಿಟ್ಟಿನ ಮೊಸಳೆಗಳಿಗೆ ಪಕ್ಷಿಧಾಮದ ಬೇಲಿಯೇನೂ ಅಡ್ಡವಿಲ್ಲ, ಹೊಳೆಯ ಬೇರೆ ಕಡೆಗಳಲ್ಲೂ ಅವು ಇವೆ.

ನನ್ನ ನಿಯಮ ಹೀಗಿದೆ: ಕೈ ತೊಳೆಯುವುದೂ ನಲ್ಲಿಯಲ್ಲಿ, ಕಾಲು ತೊಳೆಯುವುದೂ ನಲ್ಲಿಯಲ್ಲಿ. ಪ್ರತಿ ಮಗುವಿಗೆ ಒಬ್ಬ ಹಿರಿಯರು ಹೆಸರು ಹಿಡಿದು ಹೊಣೆಯಾಗಬೇಕು. ಎಲ್ಲರೂ ನೋಡಿಕೊಳ್ಳುತ್ತೇವೆ ಎಂದಾಗ ಯಾರೂ ನೋಡಿಕೊಳ್ಳುವುದಿಲ್ಲ. ಹರಿಗೋಲಿನಲ್ಲಿ ಕೂರುವುದಾದರೆ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಇರಬೇಕು, ಅದರ ಬಕಲ್ ಹಾಕಿರಬೇಕು. ಮಕ್ಕಳ ಅಳತೆಯದು ಇಲ್ಲವೆಂದರೆ ಮಕ್ಕಳನ್ನು ಹತ್ತಿಸಬೇಡಿ.

ನೀರು ಏರುತ್ತಿರುವ ಲಕ್ಷಣಗಳನ್ನು ನಾನು ಕಲಿತದ್ದು ಒಬ್ಬ ಅಡುಗೆಯ ಅಜ್ಜಿಯಿಂದ. ಆಗಸ್ಟಿನ ಒಂದು ಮಧ್ಯಾಹ್ನ ನಾವು ಕೆಳಗಿನ ಜಗಲಿಯಲ್ಲಿ ಕುಳಿತಿದ್ದೆವು. ಮೇಲಿನಿಂದ ಅನ್ನದ ಬಟ್ಟಲು ಹಿಡಿದು ಬಂದ ಅಜ್ಜಿ ಬಡಿಸದೆ ಹೊಳೆಯನ್ನೇ ಒಂದು ಗಳಿಗೆ ನೋಡಿ, "ಎಲೆ ಎತ್ಕೊಳಿ, ಮ್ಯಾಲಕ್ ಬನ್ನಿ" ಎಂದರು. ನಮಗೆ ಏನೂ ಕಾಣಿಸಿರಲಿಲ್ಲ. ಅವರು ಬೆರಳು ತೋರಿಸಿದ ಮೇಲೆ ಕಂಡಿತು: ತಿಳಿಯಾಗಿದ್ದ ನೀರಿನ ಅಂಚಿನಲ್ಲಿ ಕೆಂಪು ಬಣ್ಣದ ಒಂದು ಪಟ್ಟಿ, ಅದರ ಜೊತೆ ತೇಲಿ ಬರುತ್ತಿದ್ದ ಒಣ ಎಲೆ, ಬಿದಿರಿನ ಚೂರು, ಬೂದು ನೊರೆ. ನಾವು ಬಂದಾಗ ಒಣಗಿದ್ದ ಕೆಳಗಿನ ಮೆಟ್ಟಿಲು ಒದ್ದೆಯಾಗಿತ್ತು. ಮುದ್ದೆ ಮುಗಿಸುವ ಹೊತ್ತಿಗೆ ಆ ಮೆಟ್ಟಿಲು ಕಾಣುತ್ತಲೇ ಇರಲಿಲ್ಲ.

ಬಂದ ತಕ್ಷಣ ನೀರಿನ ಅಂಚಿನ ಒಂದು ಕಲ್ಲನ್ನೋ ಮೆಟ್ಟಿಲನ್ನೋ ಗುರುತು ಮಾಡಿಟ್ಟುಕೊಂಡು ಹತ್ತು ನಿಮಿಷಕ್ಕೊಮ್ಮೆ ನೋಡುತ್ತಿರಿ. ಬಣ್ಣ ಬದಲಾಗುವುದು, ಕಸಕಡ್ಡಿ ತೇಲಿಬರುವುದು, ಬಂಡೆಗಳಿಗೆ ಬಡಿಯುವ ಶಬ್ದ ಭಾರವಾಗುವುದು ಇವುಗಳಲ್ಲಿ ಒಂದು ಕಂಡರೂ ಸಾಮಾನು ಬಿಟ್ಟು ಜನರನ್ನು ಮೇಲಕ್ಕೆ ಕರೆತನ್ನಿ. ಯಾರಾದರೂ ನೀರಿಗೆ ಬಿದ್ದರೆ ಹಿಂದೆಯೇ ಹಾರಬೇಡಿ. ಬಟ್ಟೆ, ಹಗ್ಗ, ಬಿದಿರಿನ ಗಳ, ಮುಚ್ಚಿದ ಖಾಲಿ ನೀರಿನ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆಯಿರಿ, ಊರಿನವರನ್ನು ಕೂಗಿ ಕರೆಯಿರಿ, 112ಕ್ಕೆ ಕರೆ ಮಾಡಿ.

ಹಂತ 9: ಊಟ

ಎಲ್ಲರೂ ಎಲೆಯ ಮುಂದೆ ಕುಳಿತ ಮೇಲೆಯೇ ಮುದ್ದೆ ತರಲು ಹೇಳಿ. ಕುದಿಯುವ ನೀರಿಗೆ ರಾಗಿ ಹಿಟ್ಟು ಸುರಿದು, ಬೆಂದ ಮೇಲೆ ಕೋಲಿನಿಂದ ತೊಳಸಿ, ಒದ್ದೆ ಕೈಯಲ್ಲಿ ಮಣೆಯ ಮೇಲೆ ಉರುಳಿಸಿ ಕಟ್ಟಿದ ಮುದ್ದೆ ಐದು ನಿಮಿಷ ಹೊರಗಿದ್ದರೆ ಮೇಲ್ಮೈ ಬಿರುಸಾಗುತ್ತದೆ. ಚೆನ್ನಾಗಿ ಬೆಂದ ಮುದ್ದೆ ನುಣುಪಾಗಿ ಹೊಳೆಯುತ್ತದೆ, ಮುರಿದಾಗ ಒಳಗೆ ಬಿಳಿಚಿದ ಹಸಿ ಹಿಟ್ಟಿನ ಗಂಟು ಕಾಣುವುದಿಲ್ಲ. ಗಂಟು ಕಂಡರೆ ಬದಲಾಯಿಸಿಕೊಡಲು ಕೇಳಿ. ಹಸಿ ಹಿಟ್ಟು ತಿಂದ ಹೊಟ್ಟೆ ಹಿಂದಿರುಗುವ ದಾರಿಯುದ್ದಕ್ಕೂ ಉಬ್ಬರಿಸುತ್ತದೆ.

ತಿನ್ನುವ ವಿಧಾನ ಗೊತ್ತಿಲ್ಲದವರಿಗೆ ಎರಡು ಮಾತು. ಬೆರಳ ತುದಿಯನ್ನು ಸಾರಿಗೆ ತಾಗಿಸಿಕೊಂಡು ನೆಲ್ಲಿಕಾಯಿ ಗಾತ್ರದ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗಬೇಕು. ಅಗಿದರೆ ಹಲ್ಲಿಗೆ ಅಂಟುತ್ತದೆ, ರುಚಿಯೂ ತಿಳಿಯುವುದಿಲ್ಲ. ಸಣ್ಣ ಮಕ್ಕಳಿಗೆ ಮತ್ತು ನುಂಗಲು ಕಷ್ಟಪಡುವ ಹಿರಿಯರಿಗೆ ಇದನ್ನು ಹೇಳಿಕೊಡಬೇಡಿ, ಅವರಿಗೆ ಸಾರಿನಲ್ಲಿ ಕಿವುಚಿ ತೆಳ್ಳಗೆ ಮಾಡಿ ಕೊಡಿ. ಮೊದಲ ಮುದ್ದೆಗೆ ಕೋಳಿಸಾರಿನ ತಿಳಿಯನ್ನಷ್ಟೇ ಹಾಕಿಸಿಕೊಳ್ಳಿ, ತುಂಡುಗಳನ್ನು ಪಕ್ಕಕ್ಕಿಟ್ಟುಕೊಂಡು ಆಮೇಲೆ ತಿನ್ನಿ. ಅನ್ನಕ್ಕೆ ಹೋಗುವಷ್ಟರಲ್ಲಿ ಒಂದು ಲೋಟ ಮಜ್ಜಿಗೆ ಹೇಳಿಡಿ.

ಗಾಡಿ ಓಡಿಸುವವರು ಒಂದು ಹನಿಯನ್ನೂ ಕುಡಿಯಬಾರದು.

ಹಂತ 10: ಲೆಕ್ಕ, ಕಸ, ವಾಪಸಾತಿ

ಬಿಲ್ಲನ್ನು ಬಾಯಿಲೆಕ್ಕದಲ್ಲಿ ಹೇಳಿದರೆ ಒಂದು ಕಾಗದದ ಮೇಲೆ ಬರೆದುಕೊಡಲು ವಿನಯದಿಂದ ಕೇಳಿ. ಶನಿವಾರ ಮಾತಾಡಿದ ಬೆಲೆಗಿಂತ ಹೆಚ್ಚಿದ್ದರೆ ಯಾವುದಕ್ಕೆ ಎಷ್ಟು ಎಂದು ಒಂದೊಂದಾಗಿ ವಿಚಾರಿಸಿ. ಹೆಚ್ಚಿನ ಸಲ ಸೇರಿಕೊಂಡಿರುವುದು ನೀವು ಆಮೇಲೆ ಹೇಳಿದ ಮೀನು ಮತ್ತು ಮೊಟ್ಟೆ. ಅಡುಗೆ ಮಾಡಿದವರು ಮತ್ತು ಎಲೆ ಎತ್ತಿದವರು ಬೇರೆಯಿದ್ದರೆ ಇಬ್ಬರಿಗೂ ಕೈಯಲ್ಲೇ ಏನಾದರೂ ಕೊಡಿ. ಬಾಳೆಎಲೆ ಹಸುವಿಗೆ ಹೋಗುತ್ತದೆ, ಅದರೊಳಗೆ ಪ್ಲಾಸ್ಟಿಕ್ ಲೋಟ, ಗುಟ್ಕಾ ಪೊಟ್ಟಣ, ಮೂಳೆಗಳನ್ನು ಸುತ್ತಿಡಬೇಡಿ. ನೀವು ತಂದ ಬಾಟಲಿ ಮತ್ತು ಕವರುಗಳನ್ನೆಲ್ಲ ಚೀಲಕ್ಕೆ ತುಂಬಿ ಗಾಡಿಯಲ್ಲೇ ಮನೆಗೆ ತನ್ನಿ.

ಶ್ರೀರಂಗಪಟ್ಟಣದಿಂದ ನಾಲ್ಕೂವರೆಗೆ ಹೊರಟರೂ ಸರಿ. ಮುತ್ತತ್ತಿ, ಸಂಗಮಗಳಿಂದ ನಾಲ್ಕಕ್ಕೇ ಹೊರಡಬೇಕು. ಕಾಡಿನ ರಸ್ತೆಯಲ್ಲಿ ಆನೆ ಕಂಡರೆ ಗಾಡಿಯನ್ನು ದೂರದಲ್ಲೇ ನಿಲ್ಲಿಸಿ, ಹಾರ್ನ್ ಮಾಡದೆ, ಇಳಿಯದೆ, ಅದು ದಾಟುವವರೆಗೆ ಕಾಯಿರಿ.

ಪಾರ್ಸೆಲ್ ತಂದ ಸಾರನ್ನು ಮನೆಗೆ ಬಂದ ಕೂಡಲೇ ಚೆನ್ನಾಗಿ ಕುದಿಸಿ, ಆರಿಸಿ, ಫ್ರಿಜ್ಜಿನಲ್ಲಿಡಿ. ಬೇಸಿಗೆಯಲ್ಲಿ ಮೂರು ಗಂಟೆ ಡಿಕ್ಕಿಯಲ್ಲಿ ಕುಳಿತ ಸಾರಿನಲ್ಲಿ ಹುಳಿ ವಾಸನೆಯಾಗಲಿ ಗುಳ್ಳೆಯಾಗಲಿ ಕಂಡರೆ ರುಚಿ ನೋಡಲೂ ಹೋಗಬೇಡಿ, ಚೆಲ್ಲಿಬಿಡಿ. ಹುರಿದ ಮೀನನ್ನು ಪಾರ್ಸೆಲ್ ತರಲೇಬೇಡಿ. ಎರಡು ದಿನದೊಳಗೆ ಯಾರಿಗಾದರೂ ವಾಂತಿ ಭೇದಿ ಶುರುವಾದರೆ ಓಆರ್‌ಎಸ್ ಕುಡಿಸುತ್ತಾ, ಜ್ವರ ಬಂದರೆ ಅಥವಾ ಮಲದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ, ಎಲ್ಲಿ ಏನು ತಿಂದಿದ್ದೆವೆಂಬುದನ್ನೂ ಅವರಿಗೆ ಹೇಳಿ.